ಕೊಲೆಗಾರ ಮರೆತುಹೋದ ಮೇಲೂ

ಹೋದ ವರ್ಷ ಓದಿದ ಪತ್ತೇದಾರಿ ಕಾದಂಬರಿಯೊಂದನ್ನು ನೆನಪಿಸಿಕೊಂಡು ನೋಡಿ. ಕೊಂದವರು ಯಾರು, ಯಾವ ಸುಳಿವಿನಿಂದ ಸಿಕ್ಕಿಬಿದ್ದರು ಎಂಬುದು ಬಹುಪಾಲು ಓದುಗರಿಗೆ ಮಸುಕಾಗಿರುತ್ತದೆ. ಪತ್ತೇದಾರ ಕೂರುವ ಕುರ್ಚಿ, ಅವನ ಸಿಡುಕು, ಅವನ ಜೊತೆಗಾರ ಮಾತಾಡುವ ಧಾಟಿ ಮಾತ್ರ ಹಾಗೇ ಉಳಿದಿರುತ್ತವೆ. ಬಿಡಿಸಿದ ಒಗಟಿಗೆ ಬೆಲೆಯಿಲ್ಲ ಎನ್ನುವುದಾದರೆ ಎಲ್ಲ ಬಗೆಯ ಕತೆಗಳಲ್ಲಿ ಬೇಗ ಹಳಸಬೇಕಾದದ್ದು ಇದೇ. ಆದರೂ ಒಬ್ಬರೇ ಲೇಖಕರ ಮೂವತ್ತು ನಲವತ್ತು ಪುಸ್ತಕಗಳನ್ನು ದಶಕಗಟ್ಟಲೆ ಬಿಡದೆ ಓದುವವರು ಇಲ್ಲೇ ಇದ್ದಾರೆ. ಅವರನ್ನು ಹಿಡಿದಿಟ್ಟಿರುವುದು ಏನು?

ಉತ್ತರದ ಆಸೆಯೊಂದೇ ಅಲ್ಲ ಎನ್ನಲು ಒಂದು ಪ್ರಯೋಗವಿದೆ. 2011ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 12 ಸಣ್ಣಕತೆಗಳನ್ನು ವಿದ್ಯಾರ್ಥಿಗಳಿಗೆ ಓದಿಸಿದರು. ಕೆಲವರಿಗೆ ಅಂತ್ಯವನ್ನು ಮೊದಲೇ ಹೇಳಿಬಿಟ್ಟಿದ್ದರು. ಪತ್ತೇದಾರಿ ಕತೆಗಳಲ್ಲೂ ಅಂತ್ಯ ತಿಳಿದು ಓದಿದವರೇ ತುಸು ಹೆಚ್ಚು ಅಂಕ ಕೊಟ್ಟರು. 2015ರಲ್ಲಿ ಬೇರೆ ಸಂಶೋಧಕರಿಗೆ ಇದಕ್ಕೆ ವಿರುದ್ಧವಾದ ಫಲಿತಾಂಶ ಸಿಕ್ಕಿತು. ಆದ್ದರಿಂದ ಗೆಳೆಯರಿಗೆ ಕೊಲೆಗಾರನ ಹೆಸರು ಹೇಳಿಬಿಡಲು ಯಾರೂ ಇದನ್ನು ನೆಪ ಮಾಡಿಕೊಳ್ಳಬಾರದು. ಓದಿನ ಸುಖವೆಲ್ಲ ಕೊನೆಯ ಅಧ್ಯಾಯದಲ್ಲಿ ಕೂಡಿಟ್ಟಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಉಳಿದ ಸುಖ ಎಲ್ಲಿದೆ ಎಂದು ನೋಡಲು ರೆಕ್ಸ್ ಸ್ಟೌಟ್ ಅವರ, ನೀರೋ ವುಲ್ಫ್ ಎಂಬ ಪತ್ತೇದಾರನ ಸರಣಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1934ರಿಂದ 1975ರವರೆಗೆ 33 ಕಾದಂಬರಿಗಳು. ನ್ಯೂಯಾರ್ಕಿನ ಪಶ್ಚಿಮ 35ನೇ ಬೀದಿಯ ಅದೇ ಮನೆ. ಬೆಳಿಗ್ಗೆ 9ರಿಂದ 11, ಸಂಜೆ 4ರಿಂದ 6 ವುಲ್ಫ್ ಮಹಡಿ ಮೇಲೆ ಆರ್ಕಿಡ್ ಗಿಡಗಳ ಜೊತೆಗಿರುತ್ತಾನೆ. ಹತ್ತು ಗಂಟೆಗೆ ಬಂದ ಕಕ್ಷಿದಾರ, ಎಷ್ಟೇ ದೊಡ್ಡವನಾಗಿರಲಿ, ಕಾಯಬೇಕು. ಕೆಲಸಕ್ಕಾಗಿ ಮನೆ ಬಿಟ್ಟು ಹೊರಡುವುದಿಲ್ಲ. ಹೊರಗಿನ ಓಡಾಟವೆಲ್ಲ ಸಹಾಯಕ ಆರ್ಚಿಯದು. ನಲವತ್ತೊಂದು ವರ್ಷ ಇದರಲ್ಲಿ ಹೆಚ್ಚೇನೂ ಬದಲಾಗಲಿಲ್ಲ.

ಇದು ಲೇಖಕರ ಸೋಮಾರಿತನವೆಂದು ತೋರಬಹುದು. ಓದುವ ಮೆದುಳಿನ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಹೊಸ ಕಾದಂಬರಿಯ ಮೊದಲ ಪುಟಗಳು ದುಬಾರಿ: ಯಾರು ಯಾರಿಗೆ ಏನಾಗಬೇಕು, ಮನೆ ಎಲ್ಲಿ, ಹೇಳುವವರನ್ನು ನಂಬಬಹುದೇ ಎಂದೆಲ್ಲ ಮನಸ್ಸು ಒಂದು ನಕ್ಷೆ ಕಟ್ಟಿಕೊಳ್ಳಬೇಕು. ಸರಣಿಯಲ್ಲಿ ಆ ನಕ್ಷೆ ತಯಾರಾಗಿಯೇ ಇರುತ್ತದೆ. ಉಳಿದ ಗಮನವೆಲ್ಲ ಸುಳಿವುಗಳ ಪಾಲು. ಗೊತ್ತಿರುವುದಕ್ಕೂ ಗೊತ್ತಾಗಬೇಕಾದುದಕ್ಕೂ ನಡುವಿನ ಕಂದಕ ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ ಎಂದು ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಾದಿಸಿದರು. ಏನೂ ಗೊತ್ತಿಲ್ಲದ ಕಡೆ ಕಂದಕವೂ ಕಾಣದು. ಅಂಚುಗಳೆಲ್ಲ ಪರಿಚಿತವಾಗಿರುವ ಸರಣಿಯಲ್ಲಿ ಅದು ಮೊದಲ ಪುಟದಲ್ಲೇ ಎದ್ದು ಕಾಣುತ್ತದೆ.

ಸ್ಥಿರತೆಯಿಂದ ಇನ್ನೊಂದು ಲಾಭವಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಸುಂದರವಾದದ್ದು. ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿಯನ್ನು ಅಳೆಯುವ ಸೂತ್ರ ಕೊಟ್ಟರು: ಘಟನೆ ಎಷ್ಟು ಅಪರೂಪವೋ ಅದು ತರುವ ಮಾಹಿತಿ ಅಷ್ಟು ಹೆಚ್ಚು. 1950ರ ಕಾದಂಬರಿಯೊಂದರಲ್ಲಿ ವುಲ್ಫ್ ಎಲ್ಲಿಗೆಂದು ಯಾರಿಗೂ ಹೇಳದೆ ಮನೆ ಬಿಟ್ಟು ಹೋಗಿಬಿಡುತ್ತಾನೆ. ಮೊದಲ ಬಾರಿ ಓದುವವರಿಗೆ ಅದು ಒಬ್ಬ ಮನುಷ್ಯ ಮನೆಯಿಂದ ಹೊರಟ ಸಂಗತಿ. ಹದಿನಾರು ವರ್ಷ ಆ ಮನೆಯ ದಿನಚರಿಯ ಜೊತೆ ಬದುಕಿದ ಓದುಗರಿಗೆ ಎದೆ ನಡುಗಿಸುವ ಸುದ್ದಿ. ಎರಡೂ ಓದುಗರಿಗೆ ಅಚ್ಚಾಗಿರುವ ಪದಗಳು ಅವೇ.

ಈ ನಂಟು ಪಾತ್ರದ ಜೊತೆಗೋ ಲೇಖಕರ ಜೊತೆಗೋ? ಎರಡನ್ನೂ ಬಿಡಿಸಿ ನೋಡಬೇಕು. ರೇಡಿಯೊ, ಟೆಲಿವಿಷನ್ ವ್ಯಕ್ತಿಗಳ ಬಗ್ಗೆ ಜನರಿಗೆ ಹುಟ್ಟುವ ಒಮ್ಮುಖ ಸ್ನೇಹವನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ ವಿವರಿಸಿದರು. ಪುಸ್ತಕದ ಪಾತ್ರಗಳಿಗೂ ಅದು ಒಪ್ಪುತ್ತದೆ. ಅದಕ್ಕಿಂತ ಬಹಳ ಮೊದಲೇ ಕಾನನ್ ಡಾಯ್ಲ್ ಅದರ ಬಿಸಿ ಕಂಡಿದ್ದರು. 1893ರ ಡಿಸೆಂಬರಿನಲ್ಲಿ ಅವರು ಷರ್ಲಾಕ್ ಹೋಮ್ಸ್‌ನನ್ನು ಕೊಂದಾಗ ಮಹಿಳೆಯೊಬ್ಬರು ಬರೆದ ಪತ್ರ ನೇರ ಬೈಗುಳದಿಂದಲೇ ಶುರುವಾಗಿತ್ತು. ಡಾಯ್ಲ್ ಹೆಚ್ಚು ಬೆಲೆ ಕೊಡುತ್ತಿದ್ದದ್ದು ತಮ್ಮ ಐತಿಹಾಸಿಕ ಕಾದಂಬರಿಗಳಿಗೆ. ಓದುಗರಿಗೆ ಬೇಕಾದವನು ಹೋಮ್ಸ್. 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು.

ಅಗಾಥಾ ಕ್ರಿಸ್ಟಿಯವರದು ಬೇರೆ ಬಗೆ. ಪತ್ತೇದಾರಿಕೆಗೆ ಪ್ವಾರೊ ಇರಲಿ, ಮಿಸ್ ಮಾರ್ಪಲ್ ಇರಲಿ, ಓದುಗರು ಕ್ರಿಸ್ಟಿಯ ಹೆಸರು ನೋಡಿ ಕೊಳ್ಳುತ್ತಿದ್ದರು. ಆ ಹೆಸರು ಒಂದು ವಾಗ್ದಾನವೆಂದು ಕ್ರಿಸ್ಟಿಗೂ ಗೊತ್ತಿತ್ತು. ಕೊಲೆಯಿಲ್ಲದ ಆರು ಕಾದಂಬರಿಗಳನ್ನು ಮೇರಿ ವೆಸ್ಟ್‌ಮಕಾಟ್ ಎಂಬ ಬೇರೆ ಹೆಸರಲ್ಲಿ ಬರೆದರು. ಪುಸ್ತಕ ಹೇಗಿದೆ ಎಂಬುದು ಕೊಂಡು ಓದಿದ ಮೇಲೆಯೇ ತಿಳಿಯುವ ಸರಕು. ಇಂಥ ಸರಕಿನಲ್ಲಿ ಹಿಂದಿನ ಅನುಭವವೇ ಅಳತೆಗೋಲು.

ಹೆಸರಿನ ತೂಕ 2013ರಲ್ಲಿ ತಾನಾಗಿಯೇ ಅಳತೆಗೆ ಸಿಕ್ಕಿತು. ರಾಬರ್ಟ್ ಗಾಲ್ಬ್ರೈತ್ ಎಂಬ ಹೊಸಬರ ಪತ್ತೇದಾರಿ ಕಾದಂಬರಿ ಏಪ್ರಿಲ್‌ನಲ್ಲಿ ಬಂತು. ಬ್ರಿಟನ್ನಿನಲ್ಲಿ ಗಟ್ಟಿರಟ್ಟಿನ ಪ್ರತಿಗಳು ಮಾರಾಟವಾದದ್ದು ಸುಮಾರು 1,500. ಜುಲೈನಲ್ಲಿ ಅದು ಜೆ. ಕೆ. ರೋಲಿಂಗ್ ಬರೆದದ್ದೆಂದು ಬಯಲಾದ ಕೂಡಲೇ ಅಮೆಜಾನಿನ ಮಾರಾಟ ಪಟ್ಟಿಯ ತುದಿಗೇರಿತು. ಒಳಗಿನ ಒಂದಕ್ಷರವೂ ಬದಲಾಗಿರಲಿಲ್ಲ.

ಆದರೂ ಹೆಸರೇ ಎಲ್ಲ ಎನ್ನಲಾಗದು. ಆ ಗುಟ್ಟನ್ನು ಖಚಿತಪಡಿಸಲು ನೆರವಾದ ಕಂಪ್ಯೂಟರ್ ವಿಜ್ಞಾನಿ ಪ್ಯಾಟ್ರಿಕ್ ಜುವೋಲಾ ಬರಹದ ನಾಲ್ಕು ಸಂಗತಿಗಳನ್ನು ಎಣಿಸಿ ಹೋಲಿಸಿದ್ದರು: ಪದಗಳ ಉದ್ದ, ಅತಿ ಹೆಚ್ಚು ಬಳಕೆಯ 100 ಪದಗಳು, ಜೋಡಿಯಾಗಿ ಬರುವ ಪದಗಳು, ನಾಲ್ಕು ನಾಲ್ಕು ಅಕ್ಷರಗಳ ಗುಂಪುಗಳು. ‘ಮತ್ತು’, ‘ಆದರೆ’, ‘ಅಲ್ಲಿ’ ಥರದ ಪುಡಿ ಪದಗಳ ಪ್ರಮಾಣವನ್ನು ಬರೆಯುವವರು ಬೇಕೆಂದು ಹಿಡಿತದಲ್ಲಿಡಲಾರರು. ಹೊಸ ಪುಸ್ತಕ ಎರಡು ಪುಟ ಓದುವಷ್ಟರಲ್ಲಿ ಹಳೆಯ ಓದುಗರಿಗೆ ಮನೆಗೆ ಬಂದಂತೆ ಅನಿಸುವುದರ ಹಿಂದೆ ಇಂಥ ಲಯವೂ ಇದೆ ಎಂದು ನಾನು ನಂಬುತ್ತೇನೆ.

ಸರಣಿ ಉದ್ದವಾದಷ್ಟೂ ಅಪಾಯಗಳೂ ಬೆಳೆಯುತ್ತವೆ. ಮೊದಲನೆಯದು ವಯಸ್ಸು. ಪ್ವಾರೊ 1920ರ ಮೊದಲ ಕಾದಂಬರಿಯಲ್ಲೇ ನಿವೃತ್ತ ಪೊಲೀಸ್ ಅಧಿಕಾರಿ. 1975ರ ಕೊನೆಯದಕ್ಕೆ ಲೆಕ್ಕ ಹಾಕಿದರೆ ನೂರು ದಾಟಿರಬೇಕು. ಸ್ಟೌಟ್ ವಯಸ್ಸನ್ನು ನಿಲ್ಲಿಸಿಬಿಟ್ಟರು. ಇಯಾನ್ ರ‍್ಯಾಂಕಿನ್ ಕಾಲದ ಜೊತೆಗೇ ನಡೆದರು: 1987ರಲ್ಲಿ ಶುರುವಾದ ಇನ್‌ಸ್ಪೆಕ್ಟರ್ ರೀಬಸ್‌ನನ್ನು 2007ರಲ್ಲಿ 60 ತುಂಬಿಸಿ ನಿವೃತ್ತಿಗೊಳಿಸಬೇಕಾಯಿತು, 2012ರಲ್ಲಿ ಹಳೆಯ ಕಡತಗಳ ನೆಪದಲ್ಲಿ ಮರಳಿ ಕರೆಯಬೇಕಾಯಿತು. ನಡುದಾರಿ ಹಿಡಿದವರು ಸ್ಯೂ ಗ್ರಾಫ್ಟನ್. ಅವರು ಬರೆದ 35 ವರ್ಷಗಳಲ್ಲಿ ನಾಯಕಿ ಕಿನ್ಸಿ ಮಿಲ್‌ಹೋನ್ 1980ರ ದಶಕವನ್ನೇ ದಾಟಲಿಲ್ಲ. ಮೊಬೈಲ್ ಫೋನಿನ ಕಾಟವೂ ಆಕೆಯ ತನಿಖೆಗೆ ತಟ್ಟಲಿಲ್ಲ.

ಎರಡನೆಯದು ವಿವರಗಳ ತಪ್ಪು. ಹೋಮ್ಸ್‌ನ ಜೊತೆಗಾರ ಡಾ. ವಾಟ್ಸನ್‌ನ ಯುದ್ಧದ ಗಾಯ ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ಒಂದು ಕತೆಯಲ್ಲಿ ಹೆಂಡತಿಯೇ ಜಾನ್ ಎಂಬ ಅವನನ್ನು ಜೇಮ್ಸ್ ಎನ್ನುತ್ತಾಳೆ. ನಿಷ್ಠ ಓದುಗರು ಇಂಥದನ್ನು ಹಿಡಿಯುತ್ತಾರೆ, ಬಿಟ್ಟು ಹೋಗುವುದಿಲ್ಲ, ತಾವೇ ತೇಪೆ ಹಾಕುತ್ತಾರೆ: ‘ಜಾನ್ ಎಚ್. ವಾಟ್ಸನ್’ ಹೆಸರಿನ ನಡುವಿನ ‘ಎಚ್’ ಎಂದರೆ ಹೇಮಿಷ್, ಅಂದರೆ ಸ್ಕಾಟರ ಜೇಮ್ಸ್ ಎಂದು ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಸಮರ್ಥಿಸಿದರು. ಅದಕ್ಕೇ ಸರಣಿ ಬರೆಯುವವರು ಪ್ರತ್ಯೇಕ ದಾಖಲೆ ಇಟ್ಟುಕೊಳ್ಳಬೇಕು. ಹುಟ್ಟಿದ ವರ್ಷ, ಗಾಯದ ಗುರುತು, ಬೀದಿ, ವಾಹನ ಇವು ಸುಲಭ. ಯಾವ ಗುಟ್ಟು ಯಾರಿಗೆ ಯಾವ ಪುಸ್ತಕದಲ್ಲಿ ತಿಳಿಯಿತು ಎಂಬ ಕಾಲಂ ಬಿಟ್ಟುಹೋದಾಗಲೇ ದೊಡ್ಡ ಎಡವಟ್ಟು. ಹಳೆಯ ಪ್ರಕರಣ ನೆನೆಯುವಾಗಲೂ ಎಚ್ಚರ ಬೇಕು, ಏಕೆಂದರೆ ಸರಣಿಗೆ ಜನ ನಡುವಿನಿಂದಲೂ ಬರುತ್ತಾರೆ. 1936ರ ಕಾದಂಬರಿಯೊಂದರಲ್ಲಿ ಪ್ವಾರೊ ತನ್ನ 1934ರ ಪ್ರಸಿದ್ಧ ರೈಲು ಪ್ರಕರಣದ ಉತ್ತರವನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಡುತ್ತಾನೆ.

ಕನ್ನಡದಲ್ಲಿ ಈ ನಂಟನ್ನು ಬೆಳೆಸಿದವರಲ್ಲಿ ಎನ್. ನರಸಿಂಹಯ್ಯ ಮುಖ್ಯರು. ಶಾಲೆಯ ಓದು ನಾಲ್ಕನೇ ತರಗತಿಗೆ ನಿಂತಿದ್ದರೂ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನ ಹೆಸರೇ ಸಾಕಿತ್ತು. ಅಷ್ಟು ವೇಗಕ್ಕೆ ಪ್ರತಿ ಸಲ ಹೊಸ ಲೋಕ ಕಟ್ಟಿಕೊಡುವುದು ಯಾರಿಂದಲೂ ಆಗದು. ಪರಿಚಿತ ಪತ್ತೇದಾರನೇ ಬರೆಯುವವರಿಗೂ ಓದುವವರಿಗೂ ಆಸರೆ.

ಮೂರನೆಯ ಅಪಾಯಕ್ಕೆ ಮದ್ದಿಲ್ಲ: ಲೇಖಕರಿಗೇ ವಯಸ್ಸಾಗುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಇಯಾನ್ ಲ್ಯಾಂಕಶೈರ್ ಮತ್ತು ಗ್ರೇಮ್ ಹರ್ಸ್ಟ್ 2009ರಲ್ಲಿ ಕ್ರಿಸ್ಟಿಯವರ ಕಾದಂಬರಿಗಳ ಪದಗಳನ್ನು ಕಂಪ್ಯೂಟರಿನಲ್ಲಿ ಎಣಿಸಿದರು. ಇಳಿವಯಸ್ಸಿನ, 1972ರ ಕಾದಂಬರಿಗೆ ಬರುವಷ್ಟರಲ್ಲಿ ಶಬ್ದಭಂಡಾರ ಸುಮಾರು ಶೇ. 30ರಷ್ಟು ಕುಗ್ಗಿತ್ತು, ‘ಏನೋ’, ‘ಯಾವುದೋ’ ಬಗೆಯ ಅಸ್ಪಷ್ಟ ಪದಗಳು ಹೆಚ್ಚಿದ್ದವು. ಮರೆವಿನ ಕಾಯಿಲೆಯ ಗುರುತಿರಬಹುದೆಂದು ಅವರ ಊಹೆ. ಆದರೆ 1975ರಲ್ಲಿ ಪ್ರಕಟವಾದ ಪ್ವಾರೊನ ಕೊನೆಯ ಪ್ರಕರಣವನ್ನು ಕ್ರಿಸ್ಟಿ ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಭದ್ರವಾಗಿ ಇಡಿಸಿದ್ದರು. ಓದುಗರಿಗೆ ಬೀಳ್ಕೊಡುಗೆಯ ಹೊತ್ತಿನಲ್ಲಿ ಕೇಳಿಸಿದ್ದು ಐವತ್ತರ ಆಸುಪಾಸಿನ ಕ್ರಿಸ್ಟಿಯ ದನಿ. ಆ ಆಗಸ್ಟ್ 6ರಂದು ನ್ಯೂಯಾರ್ಕ್ ಟೈಮ್ಸ್ ತನ್ನ ಮುಖಪುಟದಲ್ಲೇ ಪ್ವಾರೊನ ನಿಧನವಾರ್ತೆ ಅಚ್ಚುಮಾಡಿತು.

ಗ್ರಾಫ್ಟನ್‌ಗೆ ಅಷ್ಟು ಕಾಲ ಸಿಗಲಿಲ್ಲ. 1982ರಲ್ಲಿ ‘ಎ’ ಅಕ್ಷರದಿಂದ ಆರಂಭಿಸಿ ಪುಸ್ತಕಕ್ಕೊಂದು ಇಂಗ್ಲಿಷ್ ಅಕ್ಷರದಂತೆ 2017ರಲ್ಲಿ ‘ವೈ’ವರೆಗೆ ಬಂದಿದ್ದರು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ತಮ್ಮ ಹೆಸರಲ್ಲಿ ಬೇರೆಯವರು ಬರೆಯುವುದನ್ನು ಅವರು ಎಂದೂ ಒಪ್ಪಿರಲಿಲ್ಲ. ತಮ್ಮ ಕುಟುಂಬದ ಮಟ್ಟಿಗೆ ಅಕ್ಷರಮಾಲೆ ‘ವೈ’ಗೇ ಮುಗಿಯಿತು ಎಂದು ಮಗಳು ಓದುಗರಿಗೆ ತಿಳಿಸಿದರು.