ಬಾಯಿಹುಣ್ಣು: ಎಲ್ಲಿದೆ, ಎಷ್ಟು ದೊಡ್ಡದು, ಎಷ್ಟು ದಿನದಿಂದ?

ಕಲಬುರಗಿಯಲ್ಲಿ ಯಾವ ಆಸ್ಪತ್ರೆಯ ಓಪಿಡಿಯಲ್ಲಿ (ಹೊರರೋಗಿ ವಿಭಾಗ) ಕೂತರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಉಷ್ಣ ಆಗ್ಯದ್ರೀ, ಬಾಯಾಗ ಹುಣ್ಣ ಎದ್ದಾವ." ಬಿ ಕಾಂಪ್ಲೆಕ್ಸ್ ಗುಳಿಗೆ ಕೊಟ್ಟು ಕಳಿಸಿದರೆ ಕೆಲಸ ಮುಗಿಯಿತು ಅಂತ ನಮಗೂ ಅನಿಸುತ್ತದೆ. ಆದರೆ ಗುಳಿಗೆಗೆ ಮೊದಲು ಮೂರು ಪ್ರಶ್ನೆ ಇವೆ. ಹುಣ್ಣು ಎಲ್ಲಿದೆ? ಎಷ್ಟು ದೊಡ್ಡದು? ಎಷ್ಟು ದಿನದಿಂದ ಇದೆ? ವೈದ್ಯಕೀಯ ಓದುವ ನಮಗೆ ಪರೀಕ್ಷೆಗೂ ಇದೇ ಉಪಯೋಗಕ್ಕೆ ಬರುತ್ತದೆ, ರೋಗಿಗೂ ಇದೇ.

ಮೊದಲು ಜಾಗ. ಪದೇಪದೇ ಬರುವ ಸಾಮಾನ್ಯ ಹುಣ್ಣಿಗೆ ಆಫ್ತಸ್ ಅಲ್ಸರ್ ಅನ್ನುತ್ತಾರೆ. ಇದು ಬಾಯಿಯ ಮೆತ್ತನೆ ಭಾಗದಲ್ಲಿ ಏಳುತ್ತದೆ: ತುಟಿ ಮತ್ತು ಕೆನ್ನೆಯ ಒಳಮೈ, ನಾಲಿಗೆಯ ಅಡಿ, ಬಾಯಿಯ ತಳ. ದುಂಡಗೆ ಇರುತ್ತದೆ, ನಡುವೆ ಬಿಳಿ ಅಥವಾ ಹಳದಿ ಪೊರೆ, ಸುತ್ತ ಕೆಂಪು ಅಂಚು. ಕಾಣಿಸುವ ಒಂದೆರಡು ದಿನ ಮೊದಲೇ ಆ ಜಾಗ ಉರಿಯುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ವಸಡು ಅಥವಾ ಬಾಯಿಯ ಮೇಲ್ಭಾಗದ ಗಟ್ಟಿ ಅಂಗಳದ ಮೇಲೆ ಸಣ್ಣ ನೀರುಗುಳ್ಳೆ ಎದ್ದು ಒಡೆದಿದ್ದರೆ ಹರ್ಪಿಸ್ ವೈರಸ್ ನೆನಪಿಗೆ ಬರಬೇಕು. ಮಕ್ಕಳಲ್ಲಿ ಜ್ವರವೂ ಜೊತೆಗಿರಬಹುದು. ಅದು ಅಂಟುತ್ತದೆ, ಔಷಧಿಯೂ ಬೇರೆ.

ಇನ್ನು ಗಾತ್ರ. 10 ಮಿ.ಮೀ.ಗಿಂತ ಚಿಕ್ಕದಾದರೆ ಮೈನರ್. ಹೆಚ್ಚಿನವರಿಗೆ ಬರುವುದು ಇದೇ, 7ರಿಂದ 14 ದಿನದಲ್ಲಿ ಕಲೆ ಇಲ್ಲದೆ ಮಾಯುತ್ತದೆ. ಅದಕ್ಕಿಂತ ದೊಡ್ಡದು ಮೇಜರ್. ಇದು ಆಳವಾಗಿರುತ್ತದೆ, ವಾರಗಟ್ಟಲೆ ಕಾಡುತ್ತದೆ, ಕಲೆ ಉಳಿಸುತ್ತದೆ. ಸಾಸಿವೆಯಷ್ಟು ಚಿಕ್ಕವು ಗುಂಪಾಗಿ ಎದ್ದರೆ ಹರ್ಪೆಟಿಫಾರ್ಮ್. ಹೆಸರಲ್ಲಿ ಹರ್ಪಿಸ್ ಕೇಳಿಸಿದರೂ ವೈರಸ್‌ಗೂ ಇದಕ್ಕೂ ಸಂಬಂಧ ಇಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಇಲ್ಲೇ ಸಿಕ್ಕಿಹಾಕಿಸುತ್ತಾರೆ, ನೋಡ್ಕೊಳ್ಳಿ.

ಹಾಗಾದರೆ ಉಷ್ಣ? ಏಪ್ರಿಲ್-ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಾಗಾಗಿ ಜನ ಅದರ ಮೇಲೆ ಹಾಕುವುದು ಸಹಜ. ಆದರೆ ಪುಸ್ತಕದ ಕಾರಣಗಳ ಪಟ್ಟಿಯಲ್ಲಿ ಬಿಸಿಲಿಲ್ಲ. ಮೂಲದಲ್ಲಿ ನಮ್ಮದೇ ರೋಗನಿರೋಧಕ ಕಣಗಳು ಬಾಯಿಯ ಪೊರೆಯ ಮೇಲೆ ತಿರುಗಿ ಬೀಳುತ್ತವೆ. ಅದನ್ನು ಕೆಣಕುವವು ಬೇರೆಬೇರೆ: ಕೆನ್ನೆ ಕಚ್ಚಿಕೊಳ್ಳುವುದು, ಚೂಪಾದ ಹಲ್ಲು, ಗಟ್ಟಿ ಬ್ರಶ್, ಪರೀಕ್ಷೆಯ ಟೆನ್ಷನ್, ಮುಟ್ಟಿನ ದಿನಗಳು. ಮನೆತನದಲ್ಲೂ ಬರುತ್ತದೆ. ನೊರೆಗಾಗಿ ಪೇಸ್ಟಿಗೆ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಿಗೆ ಆಗಿಬರುವುದಿಲ್ಲ. ಖಾರದ ಶೇಂಗಾ ಹಿಂಡಿ ಇದ್ದ ಹುಣ್ಣನ್ನು ಉರಿಸುತ್ತದೆ ನಿಜ, ಆದರೆ ಹುಣ್ಣು ಅದರಿಂದಲೇ ಬಂತು ಅನ್ನಲಾಗದು.

ನಮ್ಮ ಭಾಗದಲ್ಲಿ ಜಾಸ್ತಿ ಗಮನ ಕೊಡಬೇಕಾದದ್ದು ರಕ್ತಹೀನತೆಗೆ. ಕಬ್ಬಿಣಾಂಶ, ಬಿ12, ಫೋಲೇಟ್ ಕಡಿಮೆಯಾದರೆ ಹುಣ್ಣು ಮತ್ತೆ ಮತ್ತೆ ಬರುತ್ತದೆ. ನಾಲಿಗೆ ನುಣ್ಣಗೆ ಕೆಂಪಾಗಿದೆಯಾ, ಬಾಯಿಯ ಮೂಲೆ ಬಿರಿದಿದೆಯಾ, ಕಣ್ಣಿನ ಒಳರೆಪ್ಪೆ ಬಿಳಚಿಕೊಂಡಿದೆಯಾ ನೋಡಿ. ಬಿ ಕಾಂಪ್ಲೆಕ್ಸ್‌ನಲ್ಲಿ ಕಬ್ಬಿಣ ಇರುವುದಿಲ್ಲ. ಹಾಗಾಗಿ ಕಬ್ಬಿಣದ ಕೊರತೆ ಇದ್ದವರು ವರ್ಷಗಟ್ಟಲೆ ನುಂಗಿದರೂ ಆ ಕೊರತೆ ಹಾಗೇ ಉಳಿಯುತ್ತದೆ. ಬಿ12 ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿದೆ; ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯದಲ್ಲಿ ಅಲ್ಲ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು. ಅದನ್ನು ಕೇಳಲು ಮರೆಯಬೇಡಿ.

ಹುಣ್ಣಿನ ಜೊತೆ ಜನನಾಂಗದಲ್ಲೂ ಹುಣ್ಣು, ಕಣ್ಣು ಕೆಂಪು ಇದ್ದರೆ ಬೆಹ್ಚೆಟ್ ಕಾಯಿಲೆ (ರಕ್ತನಾಳಗಳ ಉರಿಯೂತ) ಇರಬಹುದು. ದೀರ್ಘ ಭೇದಿ, ತೂಕ ಇಳಿತ ಇದ್ದರೆ ಕರುಳಿನ ಕಾಯಿಲೆ ಅಥವಾ ಎಚ್‌ಐವಿ ಇರಬಹುದು. ಇಷ್ಟು ತಲೆಯಲ್ಲಿರಲಿ.

ಚಿಕಿತ್ಸೆ ಮೈನರ್‌ಗೆ ಸರಳ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸುವುದು, ಖಾರ-ಹುಳಿ ಬಿಡುವುದು. ಊಟಕ್ಕೆ ಮೊದಲು ಲಿಗ್ನೋಕೇನ್ ಜೆಲ್ ಹಚ್ಚಿದರೆ ನೋವು ಮರಗಟ್ಟುತ್ತದೆ. ಪುಟ್ಟ ಮಕ್ಕಳಿಗೆ ಇದನ್ನು ಸುಮ್ನೆ ಹಚ್ಚಬಾರದು. ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ 0.2% ದ್ರಾವಣದಿಂದ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸುವುದು. ಬಹಳ ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಮುಖ್ಯ ಔಷಧಿ ಟ್ರಯಾಮ್ಸಿನೊಲೋನ್ 0.1% ಪೇಸ್ಟ್. ಹತ್ತಿಯಿಂದ ಜಾಗ ಒಣಗಿಸಿ, ಊಟದ ನಂತರ ಮತ್ತು ಮಲಗುವಾಗ ತೆಳ್ಳಗೆ ಒತ್ತಿ ಕೂರಿಸಬೇಕು, ತಿಕ್ಕಬಾರದು. ಉರಿ ಶುರುವಾದ ಮೊದಲ ದಿನವೇ ಹಚ್ಚಿದರೆ ಗುಣ ಹೆಚ್ಚು. ಆದರೆ ಅದು ಸ್ಟೀರಾಯ್ಡ್, ಹರ್ಪಿಸ್‌ಗೆ ಹಚ್ಚಿದರೆ ಕೆಡುತ್ತದೆ. ಅದಕ್ಕೇ ಜಾಗ ಮೊದಲು ನೋಡಿ ಅಂದಿದ್ದು. ಆಸ್ಪಿರಿನ್ ಗುಳಿಗೆ ಹುಣ್ಣಿನ ಮೇಲಿಟ್ಟುಕೊಳ್ಳುವವರೂ ಇದ್ದಾರೆ. ಅದು ಪೊರೆಯನ್ನೇ ಸುಟ್ಟುಹಾಕುತ್ತದೆ.

ಕೊನೆಗೆ ದಿನಗಳ ಲೆಕ್ಕ. 3 ವಾರ ಕಳೆದರೂ ಮಾಯದ ಒಂಟಿ ಹುಣ್ಣು ಕ್ಯಾನ್ಸರ್ ಅಲ್ಲ ಅಂತ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಹೇಳಬೇಕು, ನಾವಲ್ಲ. ಗುಟ್ಕಾ, ತಂಬಾಕು-ಸುಣ್ಣ, ಮಿಶ್ರಿ (ಹುರಿದ ತಂಬಾಕಿನ ಪುಡಿ) ಬಳಸುತ್ತಾರಾ ಕೇಳಿ, ಹೆಂಗಸರನ್ನೂ ಕೇಳಿ. ಕೈಗವಸು ಹಾಕಿ ಅಂಚು ಮುಟ್ಟಿ: ಗಟ್ಟಿ ಇದೆಯಾ? ಕುತ್ತಿಗೆಯಲ್ಲಿ ಗಂಟು ಇದೆಯಾ? ಬಾಯಿ ಪೂರ್ತಿ ತೆರೆಯುತ್ತಾರಾ? "ನೋವಿಲ್ರೀ" ಅಂದರೆ ಸಮಾಧಾನ ಪಡಬೇಡಿ, ಶುರುವಿನಲ್ಲಿ ಕ್ಯಾನ್ಸರ್ ಹುಣ್ಣು ನೋಯದೆಯೂ ಇರಬಹುದು. ಇಂಥವರು ಚಿಕಿತ್ಸೆಗೆ ಸೋಲಾಪುರ, ಹೈದರಾಬಾದ್ ಅಂತ ಯೋಚಿಸುತ್ತಾ ದಿನ ತಳ್ಳುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ ಅಂತ ಚೀಟಿಯಲ್ಲಿ ಬರೆದೇ ಕೊಡಿ.