ಮುಂದಿರುವವನ ವೇಗ, ನಮ್ಮ ಟ್ಯಾಂಕಿನ ಲೆಕ್ಕ

ಪುಣೆಯಲ್ಲಿ ಹೊಸದಾಗಿ ಸಿಮ್ ರೇಸಿಂಗ್‌ಗೆ (ಕಂಪ್ಯೂಟರ್‌ನಲ್ಲಿ ಆಡುವ ಕಾರ್ ರೇಸ್‌ಗೆ) ಬಿದ್ದ ಹುಡುಗರು ಆಗಾಗ ತಮ್ಮ ಸ್ಪ್ರೆಡ್‌ಶೀಟ್ ತಂದು ತೋರಿಸುತ್ತಾರೆ. ಟ್ಯಾಬ್ ಮೇಲೆ ಟ್ಯಾಬ್ ಇರುತ್ತವೆ. ಟೈರ್ ಸವೆತಕ್ಕೆ ಒಂದು ಗ್ರಾಫ್, ಟ್ರ್ಯಾಕಿನ ಬಿಸಿಗೆ ಇನ್ನೊಂದು, ಮೇಲೆ ಬಣ್ಣಬಣ್ಣದ ಕಾಲಂಗಳು. "ಈ ರೇಸ್ ಒಟ್ಟು ಎಷ್ಟು ಲ್ಯಾಪ್, ಅಂದರೆ ಎಷ್ಟು ಸುತ್ತು ಆಗುತ್ತೆ?" ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಹಾಳೆಯ ಮೊದಲ ಸೆಲ್‌ನಲ್ಲೇ ಇರಬೇಕಾದ ಅಂಕಿ ಅದು.

ನಾನು ಹಗಲು ಚಾಕಣ್‌ನ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಪ್ಲಾನಿಂಗ್ ನೋಡುತ್ತೇನೆ. ಶನಿವಾರ ಸಂಜೆ ನಮ್ಮ ತಂಡದ ಸ್ಟ್ರಾಟಜಿ ನೋಡುತ್ತೇನೆ, ಅಂದರೆ ಕಾರು ಯಾವಾಗ ನಿಲ್ಲಬೇಕು, ಎಷ್ಟು ಇಂಧನ ತುಂಬಿಸಬೇಕು ಅನ್ನುವ ಲೆಕ್ಕ. ಡ್ರೈವರ್‌ಗಳೆಲ್ಲ ಹಿಂಜವಡಿ, ಪಿಂಪ್ರಿ ಕಡೆ ಕೆಲಸಕ್ಕೆ ಬಂದಿರುವ ಹುಬ್ಬಳ್ಳಿ, ವಿಜಯಪುರದ ಹುಡುಗರು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟಿವಿಯಲ್ಲಿ ಫಾರ್ಮುಲಾ 1 ನೋಡಿ ಬಂದವರ ತಲೆಯಲ್ಲಿ ಬರೀ ಟೈರ್ ತುಂಬಿರುತ್ತದೆ. ಅದು ಸಹಜ. ಅಲ್ಲಿ 2010ರಿಂದ ರೇಸ್ ಮಧ್ಯೆ ಇಂಧನ ತುಂಬಿಸುವಂತಿಲ್ಲ. ಅದಕ್ಕೂ ಮುಂಚೆ ಕಥೆ ಬೇರೆ ಇತ್ತು. 2004ರ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಶುಮಾಕರ್ ನಾಲ್ಕು ಸಲ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಇಂಧನ, ಟೈರ್ ಹಾಕಿಸುವ ಜಾಗಕ್ಕೆ) ಬಂದೂ ಅಲೋನ್ಸೋನನ್ನು ಸೋಲಿಸಿದರು. ಟ್ಯಾಂಕಿನಲ್ಲಿ ಕಡಿಮೆ ಇಂಧನ, ಹಗುರ ಕಾರು, ಜಾಸ್ತಿ ವೇಗ. ನಾವು ಐರೇಸಿಂಗ್, ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆಯಂಥ ಸಿಮ್ ಆಟಗಳಲ್ಲಿ ಜಿಟಿ3 ದರ್ಜೆಯ ಸ್ಪೋರ್ಟ್ಸ್ ಕಾರಿನ ದೀರ್ಘ ರೇಸ್ ಆಡುವಾಗ ಇಂಧನ ತುಂಬಿಸಲೇಬೇಕು. ಹಾಗಾಗಿ ಯಾವಾಗ ನಿಲ್ಲಬೇಕು ಅನ್ನುವುದನ್ನು ಮೊದಲು ತೀರ್ಮಾನಿಸುವುದು ಟ್ಯಾಂಕ್. ಟೈರ್ ಸಾಮಾನ್ಯವಾಗಿ ಅದರ ಹಿಂದೆ ಬರುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳೋಣ. ಬೆಲ್ಜಿಯಂನ ಸ್ಪಾ ಟ್ರ್ಯಾಕ್, ಒಂದು ಸುತ್ತು 7.004 ಕಿಲೋಮೀಟರ್. ರೇಸ್ 3 ಗಂಟೆ, ಅಂದರೆ 10,800 ಸೆಕೆಂಡ್. ಟ್ಯಾಂಕ್ 100 ಲೀಟರ್ ಅಂತಿರಲಿ. ಪ್ರಾಕ್ಟೀಸ್‌ನಲ್ಲಿ ನಮ್ಮ ಕಾರು ಲ್ಯಾಪಿಗೆ 3.87 ಲೀಟರ್ ಕುಡಿಯಿತು. ಒಂದು ಪೂರ್ತಿ ಪಿಟ್ ಸ್ಟಾಪ್‌ಗೆ 65 ಸೆಕೆಂಡ್ ಹೋಗುತ್ತದೆ.

ಸಮಯ ಮುಗಿದಾಗ ಮುಂದಿರುವ ಕಾರು ಓಡುತ್ತಿರುವ ಸುತ್ತನ್ನು ಪೂರ್ತಿ ಮಾಡುತ್ತದೆ. ಆಮೇಲೆ ಬಾವುಟ. ಆದ್ದರಿಂದ ಒಟ್ಟು ಲ್ಯಾಪ್ ಎಷ್ಟು ಅನ್ನುವುದನ್ನು ನಿರ್ಧರಿಸುವವನು ಅವನು, ನಾವಲ್ಲ. ನಮ್ಮ ಉದಾಹರಣೆಯಲ್ಲಿ ಎಲ್ಲವೂ ಜಿಟಿ3 ಕಾರುಗಳೇ, ನಾವೂ ಮುಂದಿರುವವನಷ್ಟೇ ಲ್ಯಾಪ್ ಓಡುತ್ತೇವೆ ಅಂತಿರಲಿ. ಅವನ ಎರಡು ಸ್ಟಾಪ್‌ಗೆ 130 ಸೆಕೆಂಡ್ ಕಳೆದರೆ 10,670 ಉಳಿಯುತ್ತದೆ. ಅದನ್ನು ಅವನ ಸರಾಸರಿ ಲ್ಯಾಪ್ 140 ಸೆಕೆಂಡಿನಿಂದ ಭಾಗಿಸಿದರೆ 76.2. ರೌಂಡ್‌ಅಪ್ ಫಾರ್ಮುಲಾ ಹಾಕಿ, 77 ಲ್ಯಾಪ್.

ಈಗ ನಮ್ಮ ಟ್ಯಾಂಕ್. 100 ಅನ್ನು 3.87ರಿಂದ ಭಾಗಿಸಿದರೆ 25.8. ಇಲ್ಲಿ ಕೆಳಕ್ಕೆ ಇಳಿಸಬೇಕು, 25 ಲ್ಯಾಪ್. ರೇಸ್ ಶುರುವಾಗುವ ಮುಂಚೆ ನಿಧಾನವಾಗಿ ಹಾಕುವ ಫಾರ್ಮೇಶನ್ ಲ್ಯಾಪಿಗೆ 3 ಲೀಟರ್ ಹೋದರೂ ಮೊದಲ ಟ್ಯಾಂಕಿನಲ್ಲಿ ಆ 25 ಹೇಗೋ ಸಿಗುತ್ತದೆ. ಮೂರು ಟ್ಯಾಂಕಿಗೆ 75. ಬೇಕಾಗಿರುವುದು 77. ಎರಡು ಲ್ಯಾಪ್ ಕಡಿಮೆ ಬಿತ್ತು.

ಮುಂದಿನ ಎರಡು ಟ್ಯಾಂಕ್‌ಗಳಲ್ಲಿ 26 ಲ್ಯಾಪ್ ಓಡಿಸಿದರೆ 25, 26, 26 ಸೇರಿ 77 ಆಗುತ್ತದೆ. ಅದಕ್ಕೆ ಲ್ಯಾಪಿಗೆ 3.82 ಲೀಟರ್‌ನಲ್ಲಿ ಮುಗಿಸಬೇಕು. ಉಳಿಸಬೇಕಾದದ್ದು ಲ್ಯಾಪಿಗೆ ಬರೀ 50 ಮಿಲಿ. ಸ್ಪಾದ ಕೆಮೆಲ್ ಅನ್ನುವ ನೇರ ದಾರಿಯ ಕೊನೆಗೆ, ಲೆ ಕೊಂಬ್ ತಿರುವಿಗೆ ಬ್ರೇಕ್ ಒತ್ತುವ ಮೊದಲು ಸ್ವಲ್ಪ ಬೇಗ ಆಕ್ಸಿಲರೇಟರ್ ಬಿಡಬೇಕು. ಬಸ್ ಸ್ಟಾಪ್ ತಿರುವಿನ ಮುಂಚೆಯೂ ಅಷ್ಟೇ. ಅಥವಾ ಇನ್ನೊಂದು ಕಾರಿನ ಬೆನ್ನಿಗೆ ಅಂಟಿಕೊಂಡು ಓಡಬೇಕು.

ನನಗೆ ಇಷ್ಟವಾಗುವ ಭಾಗ ಇನ್ನು ಮುಂದಿದೆ. ಮುಂದಿರುವವನ ಸರಾಸರಿ 2 ನಿಮಿಷ 20.4 ಸೆಕೆಂಡಿಗಿಂತ ನಿಧಾನವಾದರೆ ರೇಸ್ 76 ಲ್ಯಾಪಿಗೆ ಇಳಿಯುತ್ತದೆ. ಆಗ ಒಂದೇ ಟ್ಯಾಂಕಿನಲ್ಲಿ ಉಳಿತಾಯ ಮಾಡಿದರೆ ಸಾಕು. 2 ನಿಮಿಷ 22.3ಕ್ಕಿಂತ ನಿಧಾನವಾದರೆ 75 ಲ್ಯಾಪ್. ಏನೂ ಉಳಿಸಬೇಕಿಲ್ಲ, ಹುಡುಗರು ಮನಸೋ ಇಚ್ಛೆ ಓಡಿಸಬಹುದು. 2 ನಿಮಿಷ 18.6ಕ್ಕಿಂತ ವೇಗವಾದರೆ 78. ಮೂರೂ ಟ್ಯಾಂಕ್‌ಗಳಿಂದ 26 ಎಳೆಯಬೇಕಾಗುತ್ತದೆ, ಫಾರ್ಮೇಶನ್ ಲ್ಯಾಪ್ ಕಳೆದ ಮೊದಲ ಟ್ಯಾಂಕಿನಲ್ಲಿ ಅದು ಕಷ್ಟ. ಹಾಳೆಯಲ್ಲಿ ನಾನು ಬರೆದಿಡುವುದು ಈ ಮೂರು ಗಡಿಗಳನ್ನು. "25ನೇ ಲ್ಯಾಪಿಗೆ ಬಾ" ಅನ್ನುವ ಒಂದು ಉತ್ತರ ಮೊದಲ ಅರ್ಧ ಗಂಟೆಯಲ್ಲೇ ಹಳತಾಗುತ್ತದೆ. ಯಾವ ಅಂಕಿ ಎಲ್ಲಿ ದಾಟಿದರೆ ಪ್ಲಾನ್ ಬದಲಾಗುತ್ತದೆ ಅಂತ ಗೊತ್ತಿದ್ದರೆ ರೇಸ್ ನಡೆಯುವಾಗ ಕಣ್ಣಿಡಬೇಕಾದ ಜಾಗ ಕಡಿಮೆ.

ಪಿಟ್ ಸ್ಟಾಪ್‌ನ ಸಮಯವನ್ನು ಅನೇಕರು ಕಾರು ನಿಂತ ಹೊತ್ತು ಅಂತ ಅಳೆಯುತ್ತಾರೆ. ನಮ್ಮ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಡೈ (ಅಚ್ಚು) ಬದಲಿಸುವ ಸಮಯವನ್ನು ಹಳೆಯ ಡೈನ ಕೊನೆಯ ಸರಿಯಾದ ಪೀಸ್‌ನಿಂದ ಹೊಸ ಡೈನ ಮೊದಲ ಸರಿಯಾದ ಪೀಸ್‌ವರೆಗೆ ಅಳೆಯುತ್ತೇವೆ. ಇಲ್ಲೂ ಹಾಗೇ. ಒಳಗೆ ಬರುವ ಲ್ಯಾಪ್, ಹೊರಗೆ ಹೋಗುವ ಲ್ಯಾಪ್ ಎರಡನ್ನೂ ಕೂಡಿಸಿ, ಅದರಲ್ಲಿ ಎರಡು ಮಾಮೂಲಿ ಲ್ಯಾಪ್ ಕಳೆಯಿರಿ. ತಣ್ಣಗಿನ ಟೈರಿನಲ್ಲಿ ಹೋದ ಸಮಯವೂ ಅದರೊಳಗೆ ಬರುತ್ತದೆ.

ಆಮೇಲೆ ಅದನ್ನು ಒಡೆಯಬೇಕು. ಪ್ರಾಕ್ಟೀಸ್‌ನಲ್ಲಿ ಒಮ್ಮೆ 20 ಲೀಟರ್, ಒಮ್ಮೆ 80 ಲೀಟರ್ ತುಂಬಿಸಿ ಗಡಿಯಾರ ನೋಡಿ. 10 ಸೆಕೆಂಡ್, 34 ಸೆಕೆಂಡ್ ಬಂತು ಅಂದುಕೊಳ್ಳಿ. ಹಾಗಾದರೆ ಲೀಟರಿಗೆ 0.4 ಸೆಕೆಂಡ್, ಮೇಲೆ 2 ಸೆಕೆಂಡ್ ಖಾಯಂ. ಪೂರ್ತಿ ಟ್ಯಾಂಕಿಗೆ 42. ಉಳಿದ 23 ಸೆಕೆಂಡ್ ಪಿಟ್ ಲೇನಿನದು. ಟೈರ್ ಬದಲಾವಣೆ ಇಂಧನದ ಜೊತೆಗೇ ನಡೆಯುತ್ತದೋ, ಒಂದಾದ ಮೇಲೆ ಒಂದೋ ಅನ್ನುವುದು ಆಟದಿಂದ ಆಟಕ್ಕೆ ಬೇರೆ. ಅದನ್ನೂ ಸ್ವತಃ ನೋಡಿಕೊಳ್ಳಿ.

ಹೀಗೆ ಒಡೆದರೆ ಮೇಲಿನ ಪ್ರಶ್ನೆಗೆ ಬೆಲೆ ಕಟ್ಟಬಹುದು. ಇಂಧನ ಉಳಿಸದೆ ಮೂರನೇ ಸಲ ಸುಮ್ನೆ ಕೆಲವು ಲೀಟರ್‌ಗೆ ಒಳಗೆ ಬಂದರೆ 65 ಸೆಕೆಂಡ್ ಹೋಗುವುದಿಲ್ಲ. ಲೇನಿನ 23, ಖಾಯಂ 2, ಲೀಟರ್‌ಗಳಿಗೆ ಒಂದೋ ಎರಡೋ. ಸುಮಾರು 26 ಸೆಕೆಂಡ್. ಉಳಿತಾಯದ ದಾರಿ ಹಿಡಿದರೆ 52 ಲ್ಯಾಪ್ ಸ್ವಲ್ಪ ನಿಧಾನ ಓಡಬೇಕು. ಲ್ಯಾಪಿಗೆ 0.2 ಸೆಕೆಂಡ್ ಹೋದರೆ ಒಟ್ಟು 10 ಚಿಲ್ಲರೆ, ಲಾಭ ನಮ್ಮದೇ. 0.5 ಹೋದರೆ ಎರಡೂ ಸಮ. ಕೆಲವು ಡ್ರೈವರ್‌ಗಳಿಗೆ ಉಳಿತಾಯ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ಮುಕ್ಕಾಲು ಸೆಕೆಂಡ್ ನಿಧಾನವಾಗುತ್ತಾರೆ. ಅಂಥವರಿಗೆ ಮೂರನೇ ಸ್ಟಾಪೇ ಒಳ್ಳೆಯದು. ಆದ್ದರಿಂದ ಹಾಳೆಯಲ್ಲಿ ಪ್ರತಿ ಡ್ರೈವರ್‌ಗೂ ಬೇರೆ ಸಾಲು ಇರಲಿ.

ಎಕ್ಸೆಲ್‌ನ ಒಂದು ಕಿರಿಕಿರಿ ಹೇಳಿಬಿಡುತ್ತೇನೆ. 2:20 ಅಂತ ಟೈಪ್ ಮಾಡಿದರೆ ಅದು 2 ಗಂಟೆ 20 ನಿಮಿಷ ಅಂತ ಓದಿಕೊಳ್ಳುತ್ತದೆ. ಒಳಗೆ ಇಡೀ ದಿನವನ್ನು 1 ಅಂತ ಇಟ್ಟುಕೊಂಡಿರುತ್ತದೆ. ನಿಮಿಷಕ್ಕೊಂದು ಸೆಲ್, ಸೆಕೆಂಡಿಗೊಂದು ಸೆಲ್ ಮಾಡಿ, ಎಲ್ಲವನ್ನೂ ಸೆಕೆಂಡಿಗೆ ತಂದು ಲೆಕ್ಕ ಹಾಕಿದರೆ ತಲೆನೋವಿಲ್ಲ. ಲ್ಯಾಪ್ ಸಮಯಕ್ಕೆ ಸರಾಸರಿಯ ಬದಲು ಮೀಡಿಯನ್ (ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ಹಾಕಿ. ಒಂದು ಲ್ಯಾಪಿನಲ್ಲಿ ಜಾರಿ ಮರಳಿಗೆ ಹೋಗಿ ಬಂದದ್ದು ಇಡೀ ಅಂಕಿಯನ್ನು ಕೆಡಿಸುವುದಿಲ್ಲ.

ರೇಸ್ ನಡೆಯುವಾಗ ನಾನು ಲ್ಯಾಪಿಗೆ ಎರಡೇ ಅಂಕಿ ತುಂಬುತ್ತೇನೆ. ಮುಂದಿರುವವನ ಲ್ಯಾಪ್ ಸಮಯ, ನಮ್ಮ ಟ್ಯಾಂಕಿನಲ್ಲಿ ಉಳಿದ ಲೀಟರ್. ಟೆಲಿಮೆಟ್ರಿಯನ್ನು (ಆಟವೇ ಕೊಡುವ ಕಾರಿನ ಅಂಕಿಗಳನ್ನು) ನೇರ ಹಾಳೆಗೆ ತರುವ ದಾರಿಗಳೂ ಇವೆ, ಆದರೆ ಶುರುವಿಗೆ ಕೈಯಲ್ಲೇ ತುಂಬಿ. ಅಂಕಿ ಯಾವ ಕಡೆ ಸರಿಯುತ್ತಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಗೂಗಲ್ ಶೀಟ್‌ನಲ್ಲಿ ಇಟ್ಟರೆ ತಂಡದ ಉಳಿದವರೂ ನೋಡಬಹುದು. ಮಾತಾಡುವವನು ಮಾತ್ರ ಒಬ್ಬನೇ ಇರಬೇಕು.

"ಅಣ್ಣಾ, ಈ ಲ್ಯಾಪಿಗೆ ಒಳಗ ಬರ್ಲೇನ್ರಿ?"

"ಬ್ಯಾಡೋ, ಇನ್ನೊಂದ್ ಲ್ಯಾಪ್ ಹೊಡಿ. ನಾಕೂವರಿ ಲೀಟರ್ ಅದ."

ಕಾರು ಗಂಟೆಗೆ 250 ಕಿಲೋಮೀಟರ್ ಓಡುವಾಗ ಇದಕ್ಕಿಂತ ಉದ್ದದ ಮಾತು ಯಾರಿಗೂ ಬೇಡ.

ದೊಡ್ಡ ರೇಸ್‌ಗಳ ಸಮಯ ಗ್ರೀನಿಚ್ ಲೆಕ್ಕದಲ್ಲಿರುತ್ತದೆ. ಅಲ್ಲಿ ಮಧ್ಯಾಹ್ನ 12 ಅಂದರೆ ನಮಗೆ ಸಂಜೆ 5:30. 24 ಗಂಟೆಯ ರೇಸ್ ಆದರೆ ಹಾಳೆಯಲ್ಲಿ ಐದೂವರೆ ಗಂಟೆ ಕೂಡಿಸಿದ ಕಾಲಂ ಒಂದು ಬೇಕೇ ಬೇಕು. ಮುಂಜಾನೆ 3 ಗಂಟೆಯ ಸ್ಟಿಂಟ್ (ಓಡಿಸುವ ಪಾಳಿ) ಯಾರ ಪಾಲಿಗೆ ಬಿತ್ತು ಅಂತ ಮೊದಲೇ ಕಾಣಬೇಕು. ಕನೆಕ್ಷನ್ ಹೋದರೆ ಏನು ಅನ್ನುವುದಕ್ಕೂ ಒಂದು ಸಾಲು ಇಡಿ. 2023ರ ಜನವರಿಯಲ್ಲಿ ಲೆ ಮಾನ್ಸ್ ವರ್ಚುವಲ್ 24 ಗಂಟೆ ರೇಸ್‌ನಲ್ಲಿ ಮುಂದಿದ್ದ ಫಾರ್ಮುಲಾ 1 ಚಾಂಪಿಯನ್ ವರ್ಸ್ಟಾಪನ್ ಅವರ ಕಾರೇ ಸಂಪರ್ಕ ಕಡಿದು ಹಿಂದೆ ಬಿತ್ತು. ಪುಣೆಯ ಮಳೆಗಾಲದಲ್ಲಿ ರೌಟರಿಗೂ ಒಂದು ಯುಪಿಎಸ್ ಇರಲಿ. ಗುರುವಾರ ಇಲ್ಲಿ ಕರೆಂಟ್ ಮೇಂಟೆನೆನ್ಸ್ ಇರುವುದು ವಾಡಿಕೆ, ಉದ್ದದ ಟೆಸ್ಟ್ ಅವತ್ತು ಇಟ್ಟುಕೊಳ್ಳಬೇಡಿ.

ಕೊನೆಯ ಸ್ಟಾಪ್‌ನಲ್ಲಿ ಟ್ಯಾಂಕ್ ತುಂಬಿಸುವ ಅಭ್ಯಾಸ ಬಿಡಿ. ರೇಸ್ ಮುಗಿದಾಗ ಟ್ಯಾಂಕಿನಲ್ಲಿ ಉಳಿದ ಪ್ರತಿ ಲೀಟರ್‌ಗೂ 0.4 ಸೆಕೆಂಡ್ ಕೊಟ್ಟಿರುತ್ತೀರಿ. ಆದರೆ ರೌಂಡ್‌ಅಪ್ ಮಾಡುವ ಮುಂಚಿನ ಅಂಕಿಯನ್ನು ಒಮ್ಮೆ ನೋಡಿ. ಅದು 76.2 ಇದ್ದರೆ 77ಕ್ಕೆ ಬೇಕಾದಷ್ಟೇ ತುಂಬಿಸಿ. 76.9 ಇದ್ದರೆ ಮುಂದಿರುವವನು ಸ್ವಲ್ಪ ಜೋರು ಮಾಡಿದರೂ 78ನೇ ಲ್ಯಾಪ್ ಬಂದುಬಿಡುತ್ತದೆ. ಆಗ ಟ್ಯಾಂಕಿನಲ್ಲಿ ಜಾಗ ಇದ್ದರೆ ಇನ್ನೂ 3.87 ಲೀಟರ್ ಹಾಕಿಸಿ. ಅದಕ್ಕೆ ಹೋಗುವುದು ಒಂದೂವರೆ ಸೆಕೆಂಡ್.