‘ಇರಬಹುದು’ ಎಂದು ಬರೆದುಕೊಟ್ಟರೆ ಸಾಲದು

ಟೆಕ್ಸಾಸ್‌ನ ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ಮಾಜಿ ಸೈನಿಕರೇ ಜಾಸ್ತಿ. ಅವರ ಫೈಲುಗಳಲ್ಲಿ ಪರಿಹಾರದ ಅರ್ಜಿಗೆಂದು ನಮ್ಮ ಕನ್ನಡದ ಡಾಕ್ಟರುಗಳು ಬರೆದುಕೊಟ್ಟ ಕಾಗದಗಳೂ ಸಿಗುತ್ತವೆ. ಓದಿದರೆ ಬೇಜಾರಾಗುತ್ತದೆ. ‘ಇವರಿಗೆ ಪಿಟಿಎಸ್‌ಡಿ ಇದೆ. ಸ್ಲೀಪ್ ಆಪ್ನಿಯಾನೂ ಇದೆ. ಎರಡಕ್ಕೂ ಸಂಬಂಧ ಇರಬಹುದು.’ ಅಷ್ಟೇ. (ಪಿಟಿಎಸ್‌ಡಿ ಅಂದರೆ ಯುದ್ಧದಂಥ ಆಘಾತದಿಂದ ಬರುವ ಮಾನಸಿಕ ಕಾಯಿಲೆ; ಸ್ಲೀಪ್ ಆಪ್ನಿಯಾ ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವುದು.) ಅರ್ಜಿ ಬಿದ್ದುಹೋಗುತ್ತದೆ.

ಪಿಟಿಎಸ್‌ಡಿಗೆ ಅಮೆರಿಕದ ಮಾಜಿ ಸೈನಿಕರ ಇಲಾಖೆಯಾದ ವಿಎ ಈಗಾಗಲೇ ಪರಿಹಾರ ಕೊಡುತ್ತಿದ್ದರೆ, ಅದರಿಂದ ಹುಟ್ಟಿದ ಇನ್ನೊಂದು ಕಾಯಿಲೆಗೂ ಕೇಳಬಹುದು. ಆದರೆ ಎರಡೂ ಒಬ್ಬರಿಗೇ ಇದ್ದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅಂತ ಆಗುವುದಿಲ್ಲ. ಹೇಗೆ ಬಂತು ಅಂತ ಬರೆಯಬೇಕು. ‘ಇರಬಹುದು’ ಅಂದರೆ ಇಲ್ಲದೆಯೂ ಇರಬಹುದು, ಅಲ್ವಾ? ವಿಎ ಕೇಳುವುದು ನೂರಕ್ಕೆ ನೂರು ಖಾತ್ರಿಯನ್ನಲ್ಲ. ನೂರಕ್ಕೆ ಐವತ್ತು ಸಾಕು. ತಕ್ಕಡಿ ಸಮವಾಗಿ ನಿಂತರೆ ಅನುಮಾನದ ಲಾಭ ಸೈನಿಕನಿಗೇ. ಅದಕ್ಕೇ ‘ಅಟ್ ಲೀಸ್ಟ್ ಆಸ್ ಲೈಕ್ಲಿ ಆಸ್ ನಾಟ್’, ಅಂದರೆ ಇಲ್ಲ ಎನ್ನುವಷ್ಟೇ ಸಾಧ್ಯತೆ ಹೌದು ಎನ್ನುವುದಕ್ಕೂ ಇದೆ, ಎಂಬ ಮಾತು. ಅದನ್ನು ಬರೆದು ಕೆಳಗೆ ಕಾರಣ ಬರೆಯದಿದ್ದರೆ ಅದೂ ದಂಡ.

ಇರಾಕ್‌ಗೆ ಎರಡು ಸಲ ಹೋಗಿಬಂದ ಒಬ್ಬರಿದ್ದರು. ಆಪ್ನಿಯಾಕ್ಕೆಂದು ರಾತ್ರಿಯೆಲ್ಲ ಉಸಿರಿಗೆ ಗಾಳಿ ತಳ್ಳುವ ಸಿಪ್ಯಾಪ್ ಮಷೀನು. ದಪ್ಪಗಾಗಿದ್ದರಿಂದ ಬಂದದ್ದು ಅಂತ ಅರ್ಜಿ ವಾಪಸಾಗಿತ್ತು. ಅವರ ಹೆಂಡತಿ ಹಳೆಯ ಮಾತ್ರೆ ಡಬ್ಬಿಗಳನ್ನೆಲ್ಲ ಒಂದು ಜಿಪ್‌ಲಾಕ್ ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದರ ಮೇಲೆ ಮಿರ್ಟಜಪಿನ್ ಅಂತಿತ್ತು. ಹಸಿವು ಹೆಚ್ಚಿಸುವ ಮಾತ್ರೆ ಅದು, ಪಿಟಿಎಸ್‌ಡಿಗೆಂದೇ ಕೊಟ್ಟದ್ದು. ತೂಕದ ದಾಖಲೆ ತೆಗೆಸಿ ನೋಡಿದೆ. ಮಾತ್ರೆಗೆ ಮುಂಚೆ 184 ಪೌಂಡ್, 14 ತಿಂಗಳಿಗೆ 231. ಬೊಜ್ಜಿಗೆ ವಿಎ ಪರಿಹಾರ ಕೊಡುವುದಿಲ್ಲ. ಆದರೆ ಅದು ನಡುವಿನ ಕೊಂಡಿಯಾಗಬಹುದು ಎಂದು 2017ರಲ್ಲಿ ಅದರ ಕಾನೂನು ವಿಭಾಗವೇ ಹೇಳಿದೆ. ಕಾಯಿಲೆಗೆ ಮಾತ್ರೆ, ಮಾತ್ರೆಯಿಂದ ತೂಕ, ತೂಕದಿಂದ ಆಪ್ನಿಯಾ, ತೂಕ ಏರದಿದ್ದರೆ ಆಪ್ನಿಯಾ ಬರುತ್ತಿರಲಿಲ್ಲ ಎಂದು ತಾರೀಖು ಸಮೇತ ಬರೆದೆ. ಎರಡು ಪುಟ ಆಯಿತು.

ಎಲ್ಲರ ಫೈಲಿನಲ್ಲೂ ಹೀಗೆ ಕೂಡಿಬರುವುದಿಲ್ಲ. ಕೊಂಡಿ ಕಾಣದಿದ್ದರೆ ನಾನು ಬರೆಯುವುದಿಲ್ಲ, ಮುಖಕ್ಕೇ ಹೇಳುತ್ತೇನೆ. ಮೊದಲೇ ಇದ್ದ ಬಿಪಿ, ಮೈಗ್ರೇನ್ ಪಿಟಿಎಸ್‌ಡಿಯಿಂದ ಜಾಸ್ತಿಯಾದರೂ ಕೇಳಬಹುದು, ಆದರೆ ಮೊದಲು ಎಷ್ಟಿತ್ತು ಎನ್ನುವುದಕ್ಕೆ ದಾಖಲೆ ಬೇಕು. ಖಿನ್ನತೆಗೆ ಬೇರೆ ರೇಟಿಂಗ್ (ಪರಿಹಾರ ಎಷ್ಟೆಂದು ನಿರ್ಧರಿಸುವ ಶೇಕಡಾ ಲೆಕ್ಕ) ಕೇಳಿ ಪ್ರಯೋಜನವಿಲ್ಲ, ಮನಸ್ಸಿನ ಕಾಯಿಲೆಗಳಿಗೆ ಸಾಮಾನ್ಯವಾಗಿ ಎಲ್ಲ ಸೇರಿ ಒಂದೇ.

‘ನಾಳೆಯೇ ಕಾಗದ ಬೇಕು ಡಾಕ್ಟ್ರೇ’ ಅಂತ ಅವಸರ ಮಾಡಿದರೆ, ಸುಮ್ನೆ ನಾಲ್ಕು ಸಾಲು ಗೀಚಿ ಕೊಡಬೇಡಿ. ಹೊಸ ಅರ್ಜಿಯಾದರೆ ‘ಇಂಟೆಂಟ್ ಟು ಫೈಲ್’, ಅಂದರೆ ಅರ್ಜಿ ಹಾಕಲಿದ್ದೇನೆ ಎಂದು ಮೊದಲೇ ತಿಳಿಸುವ ಫಾರಂ ಹಾಕಲು ಹೇಳಿ. ಒಂದು ವರ್ಷ ಸಮಯ ಸಿಗುತ್ತದೆ. ಅಷ್ಟರಲ್ಲಿ ಫಾರ್ಮಸಿಯ ಹಳೆಯ ಪಟ್ಟಿ ತರಿಸಿಕೊಳ್ಳಿ. ಹೆಂಡತಿಯನ್ನೂ ಒಳಗೆ ಕರೆದು ಕೂರಿಸಿ, ರಾತ್ರಿ ಏನೇನಾಗುತ್ತದೆ ಎಂದು ಕೇಳಿ ಬರೆದುಕೊಳ್ಳಿ.